ಆರು ಹೃದಯ ಕಂಡ ಕ್ಯಾತಿಟರ್ ಮಹಾಶಯರಿಗೆ

ಮಾನ್ಯ ಕ್ಯಾತಿಟರ್ ಮಹಾಶಯರೇ,

ಹಲಸೂರಿನ ಮುನಿರಾಜಪ್ಪನ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದದ್ದು ಬರೀ ಮಾತಿಗೆ, ತಾವು ಹೊಕ್ಕ ತೊಡೆಸಂದಿ ಇನ್ನೂ ಬಗ್ಗಲು ಬಿಡುತ್ತಿಲ್ಲ. ‘ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್’ ಎಂಬಲ್ಲಿಯವರೆಗೆ ಕಾಲೇಜಿನ ಇಂಗ್ಲಿಷು ನೆನಪಿದ್ದು ಮುಂದಿನದು ಮರೆತಿರುವುದರಿಂದ ಕನ್ನಡದಲ್ಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಕಳೆದ ಗುರುವಾರ ಆಂಜಿಯೋಗ್ರಾಂ ಮೇಜಿನ ಮೇಲೆ ಎಚ್ಚರವಾಗಿಯೇ ಮಲಗಿದ್ದ ನಾನು, ನನ್ನ ಹೃದಯದ ತನಕ ತೂರಿಬರಲಿರುವ ಸಪೂರ ಕೊಳವೆಯಾದ ತಮ್ಮ ಪೊಟ್ಟಣದ ಮೇಲೆ ‘ಸಿಂಗಲ್ ಯೂಸ್ ಓನ್ಲಿ’ ಎಂದು ಅಚ್ಚಾಗಿದ್ದನ್ನೂ, ಅದರ ಪಕ್ಕದಲ್ಲೇ ಬಾಲ್‌ಪೆನ್ನಿನಲ್ಲಿ ಎಳೆದ ಐದು ಗೀಟುಗಳನ್ನೂ ಕಂಡು ಟೆಕ್ನಿಷಿಯನ್ ಅಕ್ತರನನ್ನು ವಿಚಾರಿಸಲಾಗಿ ಅವನು, “ಹೆದರ್ಕೋಬೇಡಿ ತಾತ, ತೊಳ್ದು, ಕ್ರಿಮಿ ಸಾಯೋಕೆ ಗ್ಯಾಸ್ ಹೊಡೆದಿರೋದೇ. ಎಕ್ಸ್‌ಪೀರಿಯನ್ಸ್ ಇರೋ ಪೀಸು, ದಾರಿ ಅದಕ್ಕೇ ಗೊತ್ತು” ಎಂದು ಸಮಾಧಾನ ಹೇಳಿ ಆರನೆಯ ಗೀಟು ಎಳೆದನು. ಆಮೇಲೆ ಮೂರು ದಿನ ಚಳಿಜ್ವರ. ಅದು ಹಿಂದಿನ ಐವರಲ್ಲಿ ಯಾರದೆಂದು ದಯಮಾಡಿ ತಿಳಿಸಿದರೆ ಕಮ್ಮನಹಳ್ಳಿಯಾಗಲಿ ಕೆ.ಆರ್. ಪುರವಾಗಲಿ, ಖುದ್ದಾಗಿ ಹೋಗಿ ಹಿಂತಿರುಗಿಸುತ್ತೇನೆ.

ನಮ್ಮ ಮನೆಯವಳು, ತೀರಿಹೋದ ಜಟ್ಟೆಮ್ಮ, ಹಾಲಿನ ಕವರುಗಳನ್ನು ತೊಳೆದು ತಂತಿಗೆ ಸಿಕ್ಕಿಸಿ ಒಣಗಿಸಿ ಹುಣಸೆಹಣ್ಣು ಕಟ್ಟಿಡುತ್ತಿದ್ದಳು. ಮತ್ತೆ ಹಾಲು ತುಂಬುವಷ್ಟು ಬುದ್ಧಿವಂತಿಕೆ ಪಾಪ ಅವಳಿಗಿರಲಿಲ್ಲ. ನಾನೂ ದಡ್ಡನೇ. ವಿಮಾನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರಾಗಿದ್ದು, ಒಂದೇ ಸಲ ಹಾಕಬೇಕಾದ ವಾಷರನ್ನು ಬಿಚ್ಚಿದ ಕೂಡಲೇ, ಯಾರೂ ಮರೆತು ಮತ್ತೆ ಹಾಕದಿರಲೆಂದು ಕೆಂಪು ಬಣ್ಣ ಬಳಿದು ಎರಡು ತುಂಡು ಮಾಡಿಸುತ್ತಿದ್ದೆ. ವಿಮಾನಕ್ಕೆ ಅಷ್ಟೆಲ್ಲ ಬೇಕು, ಮನುಷ್ಯರ ಹೃದಯಕ್ಕೆ ಬೇಡ ಎಂಬುದು ಆಗ ತಿಳಿದಿರಲಿಲ್ಲ.

ನನಗೂ ಐವತ್ತೆಂಟಕ್ಕೆ ಹಾರ ಹಾಕಿ, ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಆರು ಹೃದಯಗಳ ಸೇವೆ ಮುಗಿಸಿದ ತಮಗೂ ಬೀಳ್ಕೊಡುಗೆ ಏರ್ಪಡಿಸುವುದಾದರೆ ಗಡಿಯಾರ ನನ್ನದೇ ಇರಲಿ, ಇನ್ನೂ ನಡೆಯುತ್ತಿದೆ. ಬರುವ ಗುರುವಾರ ನಾಳ ಹಿಗ್ಗಿಸುವ ಬಲೂನ್ ಹಾಕಿಸಿಕೊಳ್ಳಲು ನಾನು ಮತ್ತೆ ಅದೇ ಮೇಜಿಗೆ ಬರಬೇಕು. ಎರಡು ನಾಳ ಮುಚ್ಚಿರುವುದರಿಂದ ಬಾರದೆ ವಿಧಿಯಿಲ್ಲ. ಅಂದು ಸೀಲು ಒಡೆಯದ ಪೊಟ್ಟಣವನ್ನು ನನ್ನ ಕಣ್ಣೆದುರಿಗೇ ಬಿಚ್ಚಲು ಡಾಕ್ಟರರಿಗೆ ತಾವೇ ಶಿಫಾರಸು ಮಾಡಬೇಕಾಗಿ ಪ್ರಾರ್ಥನೆ. ನಾನು ಹೇಳಿದರೆ ಬಿ.ಪಿ. ಜಾಸ್ತಿಯಾಗಿದೆ ಎಂದು ಬರೆದುಕೊಳ್ಳುತ್ತಾರೆ.

ತಮ್ಮ ಆರನೆಯ ವಿಶ್ವಾಸಿ,
ಮುನಿರಾಜಪ್ಪ

ತಾ.ಕ.: ಗುರುವಾರ ಬರುವಾಗ ಜಟ್ಟೆಮ್ಮನ ಹೊಲಿಗೆ ಕತ್ತರಿಯನ್ನೂ ತರುತ್ತೇನೆ, ಕೆಲಸ ಮುಗಿದ ಕೂಡಲೇ ಆ ಪೊಟ್ಟಣದ ಹೊಸಬರನ್ನು ನನ್ನ ಕೈಯಾರೆ ಎರಡು ತುಂಡು ಮಾಡಿಯೇ ಮೇಜು ಇಳಿಯುವುದು. ಕತ್ತರಿ ಮಾತ್ರ ಇಪ್ಪತ್ತು ವರ್ಷ ಬಳಸಿದ್ದು. ಅದರ ಮೇಲೆ ‘ಸಿಂಗಲ್ ಯೂಸ್’ ಎಂದು ಯಾರೂ ಅಚ್ಚು ಹಾಕಿಲ್ಲ.