ಚಿಗವ್ವನ ಬೈಗುಳಕ್ಕೊಂದು ಬ್ಯಾಕಪ್

ನಮ್ಮ ಕಾಕಾ ದೇವರನ್ನು ನಂಬುತ್ತಾರೋ ಇಲ್ಲವೋ ನನಗೆ ಇನ್ನೂ ಖಾತ್ರಿಯಿಲ್ಲ. ಆದರೆ ಒದ್ದೆ ಬಟ್ಟೆಯನ್ನು ನಂಬುತ್ತಾರೆ! ರಾಣೆಬೆನ್ನೂರಿನಲ್ಲಿ ಜೀವಮಾನವೆಲ್ಲ ಬೀಜದ ಅಂಗಡಿ ನಡೆಸಿದವರು. ಯಾವ ಬೀಜ ಬಂದರೂ ಹತ್ತು ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ನೋಡಿ, ಆಮೇಲೆ ಮಾರುವುದು ಅವರ ಪದ್ಧತಿ. ಬೀಜಕ್ಕೆ ಅದು ಸರಿ. ಛತ್ರಿಗೆ? ಕೊಳ್ಳುವ ಮೊದಲು ಛತ್ರಿ ಬಿಚ್ಚಿಕೊಂಡು ಅಂಗಡಿಯ ಎದುರಿನ ನಲ್ಲಿಯ ಕೆಳಗೆ ಕೂತವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಸಂಬಂಧವೇ ಇಲ್ಲದವನ ಹಾಗೆ ಆಚೆ ನೋಡುತ್ತ ನಿಂತೂ ಇದ್ದೇನೆ. ಹಾವೇರಿಯಲ್ಲಿ ಗಾದಿ ಕೊಳ್ಳಲು ಹೋಗಿ, ಅಂಗಡಿಯಲ್ಲೇ ಗೊರಕೆ ಹೊಡೆದು, ಎದ್ದು, "ಬೆನ್ನು ಹಿಡೀತು, ಬ್ಯಾಡ" ಎಂದು ಮುಖ ತೊಳೆಯಲು ನೀರು ಕೇಳಿದ ಪುಣ್ಯಾತ್ಮರು!

ಇಂಥವರು ಮನೆಯ ಕಂಪ್ಯೂಟರಿಗೆ ಬ್ಯಾಕಪ್ ಸಾಫ್ಟ್‌ವೇರ್ ಆರಿಸಲು ಹೊರಟರೆ ಏನಾಗಬೇಕು ಹೇಳಿ.

ಹೊರಟದ್ದಕ್ಕೆ ಕಾರಣವಿತ್ತು. ಪಕ್ಕದ ಮನೆಯವರ ಕಂಪ್ಯೂಟರ್ ಒಂದು ದಿನ ಸದ್ದಿಲ್ಲದೆ ಕೆಟ್ಟು, ಅವರ ಮಗನ ಮದುವೆಯ ಫೋಟೋಗಳೆಲ್ಲ ಅದರ ಜೊತೆಗೇ ಹೋದವು. ಸಮಾಧಾನ ಹೇಳಲು ಹೋದ ಕಾಕಾ "ಅದಕ್ಕೇನ್ರಿ, ಮತ್ತೊಮ್ಮೆ ಮದುವಿ ಮಾಡಸ್ರಿ" ಎಂದು ನಗಿಸಿ ಬಂದರು. ತಮ್ಮ ಹೊಸ್ತಿಲು ದಾಟಿದ ಮೇಲೆ ನೆನಪಾಯಿತು. ತಮ್ಮ ಕಂಪ್ಯೂಟರಿನಲ್ಲಿ ಹೆಂಡತಿಯ, ಅಂದರೆ ನಮ್ಮ ಚಿಗವ್ವನ, ಬೈಗುಳಗಳಿವೆ!

ಹೌದು, ಬೈಗುಳಗಳೇ. ಬ್ಯಾಡಗಿಗೆ ಕೊಟ್ಟ ಮಗಳಿಗೆ "ನಿಮ್ಮವ್ವ ನನಗ ಹೆಂಗ ಬೈತಾಳ ಕೇಳು" ಎಂದು ದೂರು ಕೊಡಲು ಕಾಕಾ ಅವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳತೊಡಗಿದರು. ಬರಬರುತ್ತ ಅದೇ ಚಟವಾಯಿತು. ಕಂಪ್ಯೂಟರಿಗೆ ಹಾಕಿ ಒಂದೊಂದಕ್ಕೂ ಹೆಸರಿಟ್ಟರು: 'ಹಾಲು ಉಕ್ಕಿಸಿದ್ದು', 'ಬೀಗರ ಮುಂದ ಆಕಳಿಸಿದ್ದು', 'ಪ್ಯಾಟಿಗೆ ಹೋಗಿ ಬರಿಗೈಲೆ ಬಂದದ್ದು'. ಹೋದ ವರ್ಷ ಚಿಗವ್ವನ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ಧ್ವನಿ ಹೋಯಿತು. ಈಗ ಅವಳದು ಬರೀ ಪಿಸುಮಾತು. ಓಣಿಯ ತುದಿಗೆ ಕೇಳುತ್ತಿದ್ದ ಆ ಗಂಟಲು ಉಳಿದಿರುವುದು ಆ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ.

ನಾನು ಹಾವೇರಿಯ ಕಚೇರಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂಡುವವನು. ಅಷ್ಟಕ್ಕೇ ತಜ್ಞನೆಂದು ನೇಮಕವಾದೆ! ಭಾನುವಾರವಾದರೆ ಸಾಕು, "ತಮ್ಮಾ, ಲಗೂ ಬಾ" ಎಂದು ಫೋನು.

ಮೊದಲು ಕಂಪ್ಯೂಟರ್ ಅಂಗಡಿಗೆ ಹೋದೆವು. ಅಂಗಡಿಯವರು ಬಣ್ಣದ ಡಬ್ಬಿ ತೋರಿಸಿ, "ಇದನ್ನ ಹಾಕ್ರಿ, ನಿಶ್ಚಿಂತಿ ಮಕ್ಕೋರಿ" ಎಂದರು.

"ಬೀಜದ ಚೀಲದ ಮ್ಯಾಲೆ ಚಿತ್ರ ಯಾವಾಗ್ಲೂ ಛಲೋನ ಇರತೈತಿ," ಎಂದರು ಕಾಕಾ. "ಮೊಳಕಿ ತೋರಸ್ರಿ. ನಿಮ್ಮ ಅಂಗಡಿ ಲೆಕ್ಕೆಲ್ಲಾ ಅಳಿಸಿ ಹೊಳ್ಳಿ ತರ್ರಿ, ನೋಡೋಣು."

ಅಂಗಡಿಯವರು ಡಬ್ಬಿಯನ್ನು ಮೆಲ್ಲಗೆ ಒಳಗಿಟ್ಟು ನಮಗೆ ಚಹಾ ತರಿಸಿದರು. ಕಾಕಾ ಚಹಾ ಕುಡಿದು, "ಇದು ಮೊಳಿಯೂದಿಲ್ಲ" ಎಂದು ಎದ್ದರು.

ಆಮೇಲೆ ಕೆಲವು ದಿನ ಪುಕ್ಕಟೆ ನೋಡಲು ಸಿಗುವ ಸಾಫ್ಟ್‌ವೇರುಗಳು. ಪರೀಕ್ಷೆಗೆ ಕಾಳು ಬೇಕಲ್ಲ? ನನ್ನ ಮದುವೆಯ ಫೋಟೋ ತರಿಸಿಕೊಂಡರು! ಬ್ಯಾಕಪ್ ಮಾಡಿಸಿ, ಅಳಿಸಿ, ವಾಪಸು ಕರೆದರೆ ಹೆಂಡತಿಯ ತವರಿನವರೆಲ್ಲ ಬಂದರು, ನಾನಿದ್ದ ಫೋಟೋಗಳೇ ಬರಲಿಲ್ಲ. ಮನೆಯಲ್ಲಿ ಇನ್ನೊಂದು ಪ್ರತಿ ಇತ್ತೆನ್ನಿ. ನನ್ನವಳಿಗೆ ಸುದ್ದಿ ಹೇಳಿದರೆ, "ಹಂಗಾದ್ರ ಆ ಸಾಫ್ಟ್‌ವೇರ್ ಛಲೋನ ಐತಲ್ಲ!" ಎಂದಳು. ಇನ್ನೊಂದು ಸಾಫ್ಟ್‌ವೇರ್ ಪ್ರತಿ ತೆಗೆದು ಅದೇ ಕಂಪ್ಯೂಟರಿನೊಳಗೇ ಇಟ್ಟಿತು. "ಬಿತ್ತೂ ಬೀಜ, ತಿನ್ನೂ ಕಾಳು ಒಂದ ಚೀಲದಾಗ ತುಂಬ್ಯಾನ ಮಗಾ!" ಎಂದು ಅದನ್ನೂ ಓಡಿಸಿದರು. ಮತ್ತೊಂದು, ಇಂಟರ್ನೆಟ್ಟಿನಲ್ಲಿ ಎಲ್ಲೋ ದೂರದ ಕಂಪ್ಯೂಟರಿಗೆ ಕಳಿಸಿ ಇಡುವಂಥದು.

"ಮನಿಯೊಳಗಿನ ಬೈಗುಳ ಊರ ಮಂದಿ ಕೇಳಬೇಕೇನು?" ಎಂದು ಕಾಕಾ ಸಿಡುಕಿದರು.

ಚಿಗವ್ವ ಹತ್ತಿರ ಬಂದು ಪಿಸುಗುಟ್ಟಿದಳು: "ಊರ ಮಂದಿಗೆ ಮದಲ ಗೊತ್ತೈತಿ."

ಕೊನೆಗೆ, ಹೊರಗಿನಿಂದ ಜೋಡಿಸುವ ಡಿಸ್ಕಿಗೆ ಪ್ರತಿ ತೆಗೆಯುವ ಸಾಫ್ಟ್‌ವೇರೊಂದು ಸಿಕ್ಕಿತು. ನಾನೂ ಸೇರಿದಂತೆ ನನ್ನ ಇಡೀ ಮದುವೆ ವಾಪಸು ಬಂತು! ಕಾಕಾ ಹಿಗ್ಗಿ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಅಳಿಯನಿಗೆ ಫೋನ್ ಹಚ್ಚಿದರು. ಡಿಸ್ಕನ್ನು ಅವನ ಮಾಲಿನ ಜೊತೆ ಕೋಲ್ಡ್ ಸ್ಟೋರೇಜಿನಲ್ಲಿ ಇಡಲು ಬರುತ್ತದೆಯೇ ಎಂದು ಕೇಳಲು!

"ಮಾವಾರ, ಅಲ್ಲಿ ಇಡೂದು ಬರೇ ಬಣ್ಣದ ಮಾಲು," ಎಂದ ಅಳಿಯ. "ಅತ್ತಿಯವರಷ್ಟು ಖಾರದ್ದು ಇಟ್ಟ ರೂಢಿ ಇಲ್ರಿ."

ಇನ್ನುಳಿದದ್ದು ಕೊನೆಯ ಪರೀಕ್ಷೆ. ಚಿಗವ್ವನ ಬೈಗುಳಗಳನ್ನೆಲ್ಲ ಡಿಸ್ಕಿಗೆ ತೆಗೆದಾಯಿತು. ಇನ್ನು ಕಂಪ್ಯೂಟರಿನಲ್ಲಿರುವುದನ್ನು ಅಳಿಸಿ ವಾಪಸು ತರಿಸಿ ನೋಡಬೇಕು. ಅಂಗಡಿಯ ಲೆಕ್ಕ, ನನ್ನ ಮದುವೆ ಯಾವುದಕ್ಕೂ ಅಳುಕದಿದ್ದ ಕಾಕಾ ಮೌಸನ್ನು ನನ್ನ ಕಡೆ ಸರಿಸಿದರು. "ತಮ್ಮಾ, ನೀ ಒತ್ತು," ಎಂದರು. ನನಗೂ ಧೈರ್ಯವಾಗಲಿಲ್ಲ. "ಪರೀಕ್ಷಾ ಬಿಡ್ರಿ ಕಾಕಾ" ಎಂದೆ. ಬಿಡಲೂ ಒಲ್ಲರು, ಒತ್ತಲೂ ಒಲ್ಲರು!

ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ ಚಿಗವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದವಳೇ ಒತ್ತಿಬಿಟ್ಟಳು.

"ಏ! ಏ!" ಎಂದು ಕಾಕಾ ಎದ್ದೇ ನಿಂತರು. ಫೋಲ್ಡರ್ ಖಾಲಿ. ನಾನು ಡಿಸ್ಕಿನಿಂದ ವಾಪಸು ತರಿಸಲು ಹಚ್ಚಿದೆ. ಪರದೆಯ ಮೇಲೆ ಹಸಿರು ಪಟ್ಟಿ ತೆವಳತೊಡಗಿತು. ಒಂದೊಂದಾಗಿ ಎಲ್ಲವೂ ಬಂದವು. ಒಂದನ್ನು ಹಚ್ಚಿದೆ.

"ಏನ್ರೀ, ತೆಲಿ ಜಾಗಾದಾಗ ಐತೋ ಇಲ್ಲೋ ನಿಮಗ? ಬೀಗರು ಮಾತಾಡಾಕತ್ತಾರ, ನೀವು ಬಾಯಿ ತಕ್ಕೊಂಡು ಕುಂತೀರಿ!"

ಮನೆಯೆಲ್ಲ ತುಂಬಿತು ಆ ಧ್ವನಿ. ಕಾಕಾ ಚಪ್ಪಾಳೆ ತಟ್ಟಿ ನಗುತ್ತ ತಿರುಗಿದರು. ಚಿಗವ್ವ ನಗುತ್ತಿರಲಿಲ್ಲ. ಬೇರೆ ಯಾರೋ ಮಾತಾಡುತ್ತಿದ್ದಾರೆಂಬಂತೆ ಕೇಳುತ್ತಿದ್ದಳು. ಕಣ್ಣು ತುಂಬಿದ್ದವು. "ಎಲ್ಲಾ ಹೊಳ್ಳಿ ಬಂದ್ವು ನೋಡು," ಎಂದರು ಕಾಕಾ, ಸಣ್ಣ ದನಿಯಲ್ಲಿ. ಅವಳು ತನ್ನ ಗಂಟಲು ಮುಟ್ಟಿಕೊಂಡಳು, ಅಷ್ಟೇ. ಇಷ್ಟು ದಿನ ನಾವು ನಕ್ಕದ್ದೆಲ್ಲ ಇವಳಿಗೆ ಹೇಗೆ ಕೇಳಿಸಿತ್ತೋ!

ಕಾಕಾ ಕಂಪ್ಯೂಟರನ್ನು ಬಂದ್ ಮಾಡಿದರು. ಅವಳ ಕೈ ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂಡಿಸಿ, ಜೇಬಿನಿಂದ ಫೋನ್ ತೆಗೆದು ಅವಳ ತುಟಿಯ ಹತ್ತಿರ ಹಿಡಿದರು.

"ಈಗ ಬೈ. ಇದೂ ಬೇಕು ನನಗ."

ಅವಳು ಏನೋ ಅಂದಳು. ನನಗೆ ಕೇಳಿಸಲಿಲ್ಲ, ಫೋನಿಗೂ ಕೇಳಿಸಿತೋ ಇಲ್ಲವೋ. ಕಿವಿಯನ್ನು ಅವಳ ಬಾಯಿಗೆ ತಾಗಿಸಿ ಕೂತಿದ್ದ ಕಾಕಾ ಪೂರ್ತಿ ಕೇಳಿಸಿಕೊಂಡು, ಆಜ್ಞಾಧಾರಕರಾಗಿ ತಲೆ ಅಲ್ಲಾಡಿಸಿದರು.

"ತಪ್ಪಾತು," ಎಂದರು. "ಇನ್ನ ಹಂಗ ಮಾಡೂದಿಲ್ಲ."