ರಸ್ತೆಯಲ್ಲಿ ನನ್ನ ಪಾಲು

ಕಾರು ಕೊಂಡ ಮನುಷ್ಯ ಮೊದಲಿನ ಮನುಷ್ಯನಾಗಿ ಉಳಿಯುವುದಿಲ್ಲ ಎಂದು ಜನ ಹೇಳುತ್ತಾರೆ. ನನ್ನ ಮಟ್ಟಿಗೆ ಆ ಬದಲಾವಣೆ ಕಾರಿನಿಂದ ಆದದ್ದಲ್ಲ, ಅದಕ್ಕೆ ಕಟ್ಟಿದ ರಸ್ತೆ ತೆರಿಗೆಯಿಂದ ಆದದ್ದು. "ಇದು ಲೈಫ್‌ಟೈಮ್ ಟ್ಯಾಕ್ಸ್ ರೀ ಸರ್, ಇನ್ನ ನಿಮಗ ಚಿಂತಿ ಇಲ್ಲ" ಎಂದು ಷೋರೂಮಿನವಳು ಹೇಳಿದ್ದೇ ತಡ, ನನ್ನ ಚಿಂತೆ ಶುರುವಾಯಿತು. ಬೀದರಿನ ಯಾವ ರಸ್ತೆಯಲ್ಲಿ ಗುಂಡಿ ಕಂಡರೂ ನನ್ನ ಹೊಲವನ್ನೇ ಯಾರೋ ಅಗೆದಿದ್ದಾರೇನೋ ಎಂದು ಹೊಟ್ಟೆ ಉರಿಯತೊಡಗಿತು. ನಡುರಸ್ತೆಯಲ್ಲಿ ಮಲಗಿದ ಎಮ್ಮೆಯನ್ನು ಕಂಡರೆ, ಇದು ಯಾರನ್ನು ಕೇಳಿ ಮಲಗಿತು ಅನ್ನಿಸುತ್ತಿತ್ತು. ಹಾಗಂತ ನನ್ನ ಕಾರು ಬಹಳ ತಿರುಗುವುದೇನೂ ಇಲ್ಲ. ನಾನು ಬಿರಾದಾರ, ಊರ ಹೊರಗಿನ ಕೊಳಾರ ಕೈಗಾರಿಕಾ ಪ್ರದೇಶದ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುವವನು. ವಾರವೆಲ್ಲ ಕಂಪನಿಯ ವ್ಯಾನೇ ಬಂದು ಕರೆದೊಯ್ಯುತ್ತದೆ. ಕಾರು ಮನೆಯ ಮುಂದೆ ಮುಸುಕು ಹೊದ್ದು ಮಲಗಿ, ಭಾನುವಾರ ಎದ್ದು, ಭಾಲ್ಕಿಯ ಬೀಗರ ಮನೆಗೆ ಹೋಗಿ ಬಂದು ಮತ್ತೆ ಮಲಗುತ್ತದೆ. ಆದರೆ ತೆರಿಗೆ ಕಟ್ಟಿದವನ ಗತ್ತಿಗೆ ಮಾತ್ರ ವಾರದ ರಜೆ ಇರಲಿಲ್ಲ.

ಖಾದರ್ ಭಾಯಿ ನಮ್ಮ ಓಣಿಯ ದರ್ಜಿ, ನನ್ನ ಹಳೆಯ ಗೆಳೆಯ. ವರ್ಷವರ್ಷವೂ ನನ್ನ ಪ್ಯಾಂಟಿನ ಸೊಂಟ ಸಡಿಲಿಸಿಕೊಡುತ್ತಾರೆ, ಯಾಕೆಂದು ಕೇಳಿದವರಲ್ಲ, ಯಾರ ಮುಂದೆಯೂ ಬಾಯಿ ಬಿಟ್ಟವರಲ್ಲ. ಇಂಥ ಗೆಳೆತನ ಸುಲಭವಾಗಿ ಸಿಗುವಂಥದ್ದಲ್ಲ. ಬೆಳಿಗ್ಗೆ ಅವರ ಅಂಗಡಿಯ ಪಕ್ಕದ ಹೊಟೇಲಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ನಾವಿಬ್ಬರೂ ಚಹಾ ಕುಡಿಯುತ್ತಿದ್ದೆವು. ಒಂದು ಭಾನುವಾರ ಅವರು ಬಟ್ಟೆಯ ಗಂಟು ಕಟ್ಟಿಕೊಂಡು ರಸ್ತೆಯ ನಟ್ಟನಡುವೆ ಸೈಕಲ್ ತುಳಿಯುತ್ತಿದ್ದರು. ಹಿಂದಿನಿಂದ ನಾನು ಹಾರ್ನ್ ಹೊಡೆದೆ. ಗೆಳೆಯ ಮಾತಾಡಿಸುತ್ತಿದ್ದಾನೆಂದು ತಿಳಿದು ಅವರು ಕೈ ಬೀಸಿದರು. ದಾರಿ ಮಾತ್ರ ಬಿಡಲಿಲ್ಲ.

ಮರುದಿನ ಚಹಾ ಕುಡಿಯುವಾಗ ನಾನು ವಿಷಯ ತೆಗೆದೆ. "ಖಾದರ್ ಭಾಯ್, ಸೈಕಲ್‌ನವರೂ ರೋಡ್ ಟ್ಯಾಕ್ಸ್ ಕಟ್ಟಬೇಕ್ರಿ. ನಾವೊಬ್ಬರೇ ಯಾಕ ಕಟ್ಟಬೇಕು?"

"ನನ್ನ ಸೈಕಲ್ ರಸ್ತಿಗಿ ಏನ್ ಮಾಡ್ತದ್ರಿ ಸಾಬ್? ಅದು ಹೋಗಿದ್ದು ಡಾಂಬರಕ್ಕ ಗೊತ್ತೇ ಆಗಂಗಿಲ್ಲ."

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಹೊಟೇಲಿನಲ್ಲಿ ನಾಲ್ಕು ಜನ ಕೇಳುತ್ತಿದ್ದರು, ನನ್ನ ನಾಲಿಗೆಗೆ ಹುರುಪು ಬಂತು. ಹಿಂದೆ ಸೈಕಲ್ಲಿಗೂ ತೆರಿಗೆ ಇತ್ತು, ಕಟ್ಟಿದವರಿಗೆ ತಗಡಿನ ಬಿಲ್ಲೆ ಕೊಡುತ್ತಿದ್ದರು ಎಂದು ಶುರುಮಾಡಿದೆ. ಔರಾದಿನ ಪೇಟೆಯಲ್ಲಿ ಬಿಲ್ಲೆ ಇಲ್ಲದವರು ತೆರಿಗೆಯವನನ್ನು ಕಂಡೊಡನೆ ಇಳಿದು ಸೈಕಲ್ಲನ್ನೇ ಹೆಗಲಿಗೇರಿಸಿ ನಡೆಯುತ್ತಿದ್ದರಂತೆ. ಹೊತ್ತ ಸೈಕಲ್ಲಿಗೆ ತೆರಿಗೆ ಹಾಕುವ ಹಕ್ಕು ಅವನಿಗಿರಲಿಲ್ಲ. ಸಂತಪುರದಿಂದ ಸಂತೆಗೆ ಹೋಗುತ್ತಿದ್ದ ನಮ್ಮಪ್ಪ ಹೇಳಿದ ಈ ಕಥೆಯನ್ನು ನಗಿಸಲೆಂದೇ ಹೇಳಿದ್ದೆ. ಎಲ್ಲರೂ ನಕ್ಕರು. ಖಾದರ್ ಭಾಯಿ ನಗಲಿಲ್ಲ, ಕಪ್ಪು ಕೆಳಗಿಟ್ಟು ಎದ್ದು ಹೋದರು.

ಮರುದಿನ ಬೆಳಿಗ್ಗೆ ಅವರು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಬಂದರು. ಅವರ ಮನೆಯ ಗಲ್ಲಿ ಇನ್ನೂ ಮಣ್ಣಿನದು, ಅಲ್ಲಿಯವರೆಗೆ ಸವಾರಿ. ಡಾಂಬರು ಶುರುವಾಗುವಲ್ಲಿ ಇಳಿದು, ಸೈಕಲ್ಲನ್ನು ಹೆಗಲಿಗೇರಿಸಿ, ಅಂಗಡಿಯವರೆಗೂ ನಡಿಗೆ. ಆಟೋಗಳು ನಿಂತು ನೋಡಿದವು. ಯಾಕೆಂದು ಕೇಳಿದವರಿಗೆಲ್ಲ ಅವರದು ಒಂದೇ ಉತ್ತರ: "ಟ್ಯಾಕ್ಸ್ ಕಟ್ಟಿಲ್ರಿ. ಗಾಲಿ ಹಚ್ಚಿದ್ರ ಬಿರಾದಾರ ಸಾಬ್‌ರ ರಸ್ತಿ ಸವೀತದ." ಚಹಾಕ್ಕೂ ಬೇರೆ ಬೆಂಚು ಹಿಡಿದರು. "ಅದು ಗಾಡಿಯವರ ಬೆಂಚು" ಎಂದರು.

ಒಂದು ವಾರದಲ್ಲಿ ನಾನು ಊರಿಗೆಲ್ಲ ಪರಿಚಿತನಾದೆ. ಗುರುತಿಲ್ಲದ ಆಟೋದವನೊಬ್ಬ ನನ್ನ ಪಕ್ಕ ಗಾಡಿ ನಿಲ್ಲಿಸಿ, "ಅಣ್ಣಾ, ನಂದು ಮೂರೇ ಗಾಲಿ ಅವ, ನಡೀತದಲ್ಲ?" ಎಂದು ವಿನಯದಿಂದ ಕೇಳಿದ.

ಇದನ್ನೆಲ್ಲ ತಡೆದುಕೊಳ್ಳಬಹುದಿತ್ತು. ಆದರೆ ಒಂದು ಸಂಜೆ ಖಾದರ್ ಭಾಯಿಯ ಹೆಂಡತಿ ಮನೆಗೆ ಬಂದರು. "ಭಾಯಿಸಾಬ್, ಇವರ ಸೊಂಟ ಹಿಡದದ. ಮಷೀನ್ ತುಳೀಲಾಕ ಆಗವಲ್ದು. ಲಗ್ನದ ಬಟ್ಟಿ ಹಂಗೇ ಬಿದ್ದಾವ. ನಾ ಹೇಳಿದ್ರ ಕೇಳಂಗಿಲ್ಲ. ನೀವ್ ಒಂದ್ ಮಾತ ಹೇಳ್ರಿ, ಇಳಸ್ತಾರ." ನನಗೆ ನಿಜಕ್ಕೂ ಸಂಕಟವಾಯಿತು. ದರ್ಜಿಗೆ ಸೊಂಟ ಹೋದರೆ ಅಂಗಡಿಯೇ ಹೋದಂತೆ. ಅವರಿಲ್ಲದ ಬೆಂಚಿನ ಮೇಲೆ ಕುಡಿಯುವ ಚಹಾ ನನಗೂ ಸೇರುತ್ತಿರಲಿಲ್ಲ.

'ನಂದು ತಪ್ಪಾಯಿತು' ಎನ್ನುವುದನ್ನು ಮೂರು ನಾಲ್ಕು ಸಲ ಅಭ್ಯಾಸ ಮಾಡಿಕೊಂಡೇ ಮರುದಿನ ಬೆಳಿಗ್ಗೆ ಹೋದೆ. ಖಾದರ್ ಭಾಯಿ ಸೈಕಲ್ ಹೊತ್ತು ಬಂದರು, ಆದರೆ ಹೊಟೇಲಿನ ಜನರನ್ನು ಕಂಡೊಡನೆ ಅದು ಒಂದು ಒಪ್ಪಂದವಾಗಿ ಹೊರಬಂತು. "ಖಾದರ್ ಭಾಯ್, ನನ್ನ ಕಾರು ವಾರೆಲ್ಲ ಮನ್ಯಾಗೇ ಇರ್ತದ. ಅದರ ಟ್ಯಾಕ್ಸ್ ಸುಮ್ಮನೆ ದಂಡ ಆಗ್ಲತ್ತದ. ಅದು ನಿಂತಾಗೆಲ್ಲ ರಸ್ತ್ಯಾಗ ನನ್ನ ಪಾಲು ನಿಮಗೇ."

ಅವರು ಗಂಭೀರವಾಗಿ ವಿಚಾರ ಮಾಡಿದರು. "ಒಂದ್ ಟ್ಯಾಕ್ಸ್‌ಗಿ ಒಂದೇ ಗಾಡಿ. ಅದು ಹೊರಗಿದ್ರ ಇದು ಹೆಗಲಿಗಿ. ಖರೇ?"

"ಖರೇ" ಎಂದೆ. ಅವರು ಸೈಕಲ್ಲನ್ನು ಮೆಲ್ಲಗೆ ಡಾಂಬರಿನ ಮೇಲೆ ಇಳಿಸಿ, ನನ್ನ ಬೆಂಚಿಗೆ ಬಂದು ಕೂತರು. ಆ ದಿನದ ಚಹಾ ಬಹಳ ಚೆನ್ನಾಗಿತ್ತು.

ಮುಂದಿನ ಭಾನುವಾರ ಭಾಲ್ಕಿಯಲ್ಲಿ ಹೆಂಡತಿಯ ಅಣ್ಣನ ಮೊಮ್ಮಗಳಿಗೆ ಹೆಸರಿಡುವ ಕಾರ್ಯ. ಕಾರಿನ ಮುಸುಕು ತೆಗೆದು ಒರೆಸಿ ನಿಲ್ಲಿಸಿದ್ದೆ. ಹೆಂಡತಿ ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಅಷ್ಟರಲ್ಲಿ ಖಾದರ್ ಭಾಯಿ ಬಂದರು. ಭಾಲ್ಕಿ ರಸ್ತೆಯ ಒಂದು ಹಳ್ಳಿಯಲ್ಲಿ ನಿಕಾಹ್, ಮದುಮಗನ ಶೇರ್ವಾನಿ ಮುಟ್ಟಿಸಬೇಕು. "ನೀವ್ ಕಾರ್ ತೆಗೀತೀರಂದ್ರ ತೆಗೀರಿ ಸಾಬ್. ಮಾತಂದ್ರ ಮಾತು. ನಾ ಹೊತ್ಕೊಂಡೇ ಹೋಗ್ತೇನಿ" ಎಂದು ಒಂದು ಕೈ ಸೊಂಟಕ್ಕೆ ಕೊಟ್ಟು, ಇನ್ನೊಂದರಿಂದ ಸೈಕಲ್ ಎತ್ತಲು ಬಾಗಿದರು. ಬಾಗಿದವರ ಮುಖ ನೋಡಲಾಗಲಿಲ್ಲ. ನಾನು ಹೋಗಿ ಕಾರಿಗೆ ಮುಸುಕನ್ನು ಮತ್ತೆ ಹೊದಿಸಿದೆ. ಹೆಂಡತಿ ನನಗಿಂತ ಹತ್ತು ಹೆಜ್ಜೆ ಮುಂದೆ ಬಸ್ ನಿಲ್ದಾಣಕ್ಕೆ ನಡೆದಳು.

ಬಸ್ಸು ಊರು ದಾಟಿ ಸ್ವಲ್ಪ ದೂರ ಹೋಗುತ್ತಿದ್ದಂತೆ ಡ್ರೈವರು ಒಂದೇ ಸಮನೆ ಹಾರ್ನ್ ಒತ್ತತೊಡಗಿದ. ಬಗ್ಗಿ ನೋಡಿದೆ. ನಡುರಸ್ತೆಯಲ್ಲಿ ಖಾದರ್ ಭಾಯಿ, ಕ್ಯಾರಿಯರಿನ ಮೇಲೆ ಶೇರ್ವಾನಿ, ಬದಿಗೆ ಸರಿಯುವ ಲಕ್ಷಣವೇ ಇಲ್ಲ.

"ರಸ್ತಿ ಇವರಪ್ಪಂದೇನ್ರಿ?" ಎಂದು ಡ್ರೈವರು ಸಿಡುಕಿದ.

ನನ್ನ ಬಾಯಿ ಸುಮ್ಮನಿರಲಿಲ್ಲ. "ಹಾರ್ನ್ ಹೊಡೀಬ್ಯಾಡ್ರಿ. ಅವರ ಟ್ಯಾಕ್ಸ್ ಕಟ್ಟೇದ. ನಾನೇ ಕಟ್ಟೇನಿ, ಲೈಫ್‌ಟೈಮ್."

ಡ್ರೈವರು ಕನ್ನಡಿಯಲ್ಲಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ಟ್ಯಾಕ್ಸ್ ನೀವ್ ಕಟ್ಟೀರಿ. ಮತ್ತ ಬಸ್ಸಿನ್ಯಾಗ ಯಾಕ ನಿಂತೀರಿ?"

ಬಸ್ಸಿಗೆ ಬಸ್ಸೇ ನನ್ನತ್ತ ತಿರುಗಿತು. ಕಿಟಕಿಯ ಪಕ್ಕ ಕೂತ ಹೆಂಡತಿಯೂ ತಿರುಗಿದಳು. ಅವಳದು ಹೆಂಗಸರ ಉಚಿತ ಟಿಕೆಟ್ಟು. ಮುಂದೆ ಹೋಗುತ್ತಿದ್ದ ಖಾದರ್ ಭಾಯಿಯದು ನನ್ನ ಪಾಲಿನ ರಸ್ತೆ. ಅಷ್ಟೂ ಜನರಲ್ಲಿ ತೆರಿಗೆಯನ್ನೂ ಕಟ್ಟಿ, ಟಿಕೆಟ್ಟನ್ನೂ ತೆಗೆಸಿ, ಕಂಬಿ ಹಿಡಿದು ನಿಂತು ಹೋಗುತ್ತಿದ್ದವನು ನಾನೊಬ್ಬನೇ.