ಕಾರಿನೊಳಗೆ ನೀರು ಎಲ್ಲಿಂದ ಬಂತು?

ಹೊಸಪೇಟೆಯಲ್ಲಿ ಕಾರಿನ ಸೀಟು, ಕಾರ್ಪೆಟ್ ಬಿಚ್ಚಿ, ತೊಳೆದು, ಒಣಗಿಸಿ ಕೊಡುವುದು ನನ್ನ ಕೆಲಸ. ಒಂದಲ್ಲ ಒಂದು ಪ್ರಸಂಗ ನಡೆಯುತ್ತಲೇ ಇರುತ್ತದೆ. ಒದ್ದೆ ಕಾರು ಬಂದ ಕೂಡಲೇ ನಾನು ಕೇಳುವುದು ಒಂದೇ, ನೀರು ಎಲ್ಲಿಂದ ಬಂತು? ಒಣಗಿಸಲು ಅದು ಗೊತ್ತಿರಬೇಕು ಅಂತ ಹೇಳುತ್ತೇನೆ. ಅದು ಅರ್ಧ ನಿಜ. ಇನ್ನರ್ಧ ಏನೆಂದರೆ, ತಿಳಿದುಕೊಳ್ಳದಿದ್ದರೆ ನನಗೆ ಊಟ ಸೇರುವುದಿಲ್ಲ. ಆದರೆ ಈ ಪ್ರಶ್ನೆಗೆ ಮಾತ್ರ ಯಾರೂ ನಿಜ ಹೇಳುವುದಿಲ್ಲ ನೋಡ್ರಿ.

೧. ಎ.ಸಿ. ಮೀನು

ಕಡ್ಡಿರಾಂಪುರದಲ್ಲಿ ಹೋಂಸ್ಟೇ ನಡೆಸುವವರೊಬ್ಬರು ಕಾರು ತಂದರು. ಬಾಗಿಲು ತೆಗೆದರೆ ನೀರು ದಬದಬ ಸುರಿಯಿತು.

"ಎಲ್ಲಿಂದ ಬಂತ್ರಿ ಇಷ್ಟು ನೀರು?" ಅಂದೆ.

"ಎ.ಸಿ. ಸೋರತೈತಿ" ಅಂದರು.

ಕಾರ್ಪೆಟ್ ಎತ್ತಿದರೆ ಅಡಿಯಲ್ಲಿ ಕಾಲುವೆಯ ಪಾಚಿ. ಪಾಚಿಯೊಳಗೆ ಬೆರಳುದ್ದದ ಮೀನು. ಅಂಗೈ ಮೇಲಿಟ್ಟು ತೋರಿಸಿದೆ. "ಎ.ಸಿ.ಯಾಗ ಮೀನು ಇರತಾವೇನ್ರಿ?"

ಅವರು ಬಗ್ಗಿ, ನಿಧಾನಕ್ಕೆ ನೋಡಿದರು. "ಟಾಪ್ ಮಾಡೆಲ್ ಐತ್ರಿ ಇದು" ಅಂದರು.

೨. ಕೆಂಪು ನೀರು

ಇನ್ನೊಂದು, ಸಂಡೂರಿನ ಗಣಿಯಲ್ಲಿ ಓಡಾಡುವ ಕಾರು. ಕಾರ್ಪೆಟ್ಟಿನ ತುಂಬ ವರ್ಷಗಟ್ಟಲೆ ಕೂತ ಅದಿರಿನ ಕೆಂಪು ಧೂಳು. ಬ್ರಶ್ಶು ಹಿಡಿದು ತಿಕ್ಕಿದರೆ ಕೆಂಪು ನೀರು ಗಟಾರದವರೆಗೂ ಹರಿಯಿತು. ಎದುರಿನ ಚಹಾ ಅಂಗಡಿಯಿಂದ ಹಿರಿಯರೊಬ್ಬರು ಎದ್ದು ಬಂದು, ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು, "ಯಾರಿಗೆ ಏನಾಗೇತಪಾ?"

"ಯಾರಿಗೂ ಏನಾಗಿಲ್ರಿ. ಸಂಡೂರಿನ ಕಾರು."

"ಹಂಗ ಹೇಳು ಮತ್ತ. ಸಾಕ್ಷಿಗೆ ಕರೀತಾರಂತ ಚಾ ಅರ್ಧಕ್ಕ ಬಿಟ್ಟು ಮನಿಗೆ ಹೊಂಟಿದ್ದೆ."

೩. ಭತ್ತ

ಕಂಪ್ಲಿಯ ರೈಸ್ ಮಿಲ್ ಸಾವ್ಕಾರರ ಕಾರಿನಲ್ಲಿ ಕಾಲಿಟ್ಟರೆ ಪಚಪಚ ಅನ್ನುತ್ತಿತ್ತು. "ಮಳಿ ನೀರು" ಅಂದರು. ಆ ವಾರ ಕಂಪ್ಲಿಯಲ್ಲಿ ಒಂದು ಹನಿ ಬಿದ್ದಿರಲಿಲ್ಲ. ಕೆದಕಿ ಕೇಳೋಣವೆಂದರೆ ಅವರ ಸಂಕಟವೇ ಬೇರೆ.

"ಭಾನುವಾರ ಹುಬ್ಬಳ್ಳಿಯಿಂದ ಗಂಡಿನ ಕಡೆಯವರು ರೈಲಿಗೆ ಬರ್ತಾರ. ನನ್ನ ಮಗಳು ಹೂಂ ಅಂದದ್ದು ಈ ಹುಡುಗಗ ಒಬ್ಬಗ. ಅವರನ್ನ ಇದರಾಗ ಕರಕೊಂಡು ಹೋಗಬೇಕು. ಕಾರು ನಾತ ಬಂದ್ರ, ಮನಿತನ ಹೆಂಗಿರಬೇಕು ಅಂತಾರ."

"ಮ್ಯಾಲಿಂದು ಒಣಗಿದ್ರೂ ಅಡಿಯ ಫೋಮು ಒಣಗಂಗಿಲ್ರಿ. ಸೀಟು ಬಿಚ್ಚಬೇಕು, ಇಲ್ಲೇ ಬಿಡ್ರಿ" ಅಂದೆ.

"ಕುದಿಸಿದ ಭತ್ತ ಒಣಗಸೋ ಮಂದಿ ನಾವು. ಒಂದು ಕಾರು ಒಣಗಸಾಕ ಬರಂಗಿಲ್ಲೇನು?" ಎಂದು ಕಾರು ತಿರುಗಿಸಿಕೊಂಡು ಹೋದರು.

ಒದ್ದೆ ಫೋನನ್ನು ಅಕ್ಕಿಯಲ್ಲಿ ಹೂತಿಟ್ಟರೆ ಒಣಗುತ್ತದೆ ಅಂತ ಅವರಿಗೆ ಯಾರೋ ಹೇಳಿದ್ದರಂತೆ. ಕಾರಿಗೆ ಅಷ್ಟು ಅಕ್ಕಿ ಹಾಳು ಮಾಡಲು ಮನಸ್ಸಾಗದೆ ಭತ್ತ ಸುರಿದರು. ಮೇಲೆ ಗೋಣಿಚೀಲ ಹೊದಿಸಿ, ಗ್ಲಾಸು ಏರಿಸಿ, ಬಿಸಿಲಿಗೆ ನಿಲ್ಲಿಸಿದರು. ಸಸಿ ಮಡಿಗೆ ಬೀಜ ಮೊಳಕೆ ಬರಿಸುವವರು ಮಾಡುವುದೂ ಇದನ್ನೇ. ಭತ್ತ ನೆನೆಸಿ, ಗೋಣಿ ಮುಚ್ಚಿ, ಬೆಚ್ಚಗೆ ಇಡುತ್ತಾರೆ. ಹುಟ್ಟಿದಾಗಿನಿಂದ ಭತ್ತದಲ್ಲೇ ಇರುವ ಮನುಷ್ಯನಿಗೆ ಅದು ಹೊಳೆಯಲಿಲ್ಲ. ಎರಡು ದಿನ ಬಿಟ್ಟು ಬಾಗಿಲು ತೆಗೆದಾಗ ಕಾರಿನ ತುಂಬ ಬೆಳ್ಳಗೆ ಮೊಳಕೆ.

ಮಿಲ್ಲಿಗೆ ಬಂದಿದ್ದ ಮೆಟ್ರಿಯ ರೈತರೊಬ್ಬರು ಇಣುಕಿ ನೋಡಿ ಅಂದರಂತೆ, "ಸಾವ್ಕಾರ್ರ, ಒಂದು ಕಾಳೂ ತಪ್ಪಿಲ್ಲ, ಮಸ್ತ್ ಬಂದಾವು. ನಂದೂ ಒಂದೆರಡು ಚೀಲ ಬೀಜ ಐತಿ. ಡಿಕ್ಕಿಯಾಗ ಜಾಗ ಐತೇನ್ರಿ?"

೪. ಭಾನುವಾರ

ಕಾರು ಮತ್ತೆ ನನ್ನ ಹತ್ತಿರವೇ ಬಂತು. ಎಲ್ಲ ಬಿಚ್ಚಿ, ಮೊಳಕೆ ಆರಿಸಿ, ತೊಳೆದು, ಬಿಸಿಲಿಗೆ ಹರವಿ, ಫ್ಯಾನು ಹಚ್ಚಿ, ಭಾನುವಾರ ಬೆಳಿಗ್ಗೆ ಜೋಡಿಸಿ ಮುಗಿಸಿದೆ. "ನೀನ ಓಡಸು. ನಾತ ಬಂದ್ರ ನೀನ ಉತ್ತರ ಹೇಳು" ಅಂದರು ಸಾವ್ಕಾರರು.

ಹೊಸಪೇಟೆ ಸ್ಟೇಷನ್ನಿನಲ್ಲಿ ಹುಡುಗನ ಅಜ್ಜಿ ಮುಂದೆ ಹತ್ತಿ, ಚಪ್ಪಲಿ ಬಿಟ್ಟು ಕೂತರು. ಹುಡುಗ, ಅವನ ತಂದೆ, ಸಾವ್ಕಾರರು ಹಿಂದೆ. ಕಮಲಾಪುರ ದಾಟುವವರೆಗೂ ಎಲ್ಲ ಸುಸೂತ್ರ. ಆಮೇಲೆ ಅಜ್ಜಿಯ ಕಾಲಿಗೆ ಏನೋ ತಗುಲಿತು. ಬಗ್ಗಿ, ಸೀಟಿನ ಸಂದಿಯಿಂದ ಬೇರು ಸಮೇತ ಒಂದು ಹಸಿರು ಸಸಿ ಕಿತ್ತು ಮೇಲೆತ್ತಿದರು.

"ಸಾವ್ಕಾರ್ರ, ಕಾರಿನ್ಯಾಗ ಭತ್ತ ಬೆಳೀತೀರೇನ್ರಿ?"

ಕನ್ನಡಿಯಲ್ಲಿ ಸಾವ್ಕಾರರ ಮುಖ ನೋಡಿ ನನಗೆ ಅಯ್ಯೋ ಪಾಪ ಅನ್ನಿಸಿತು.

"ಅವ್ವಾ, ಸುಳ್ಳು ಹೇಳಾಕ ಬಾಯಿ ಬರವಲ್ದು" ಅಂದರು ಅವರು. "ನೀವು ಬರ್ತೀರಿ, ಕಾರು ಲಕಲಕ ಅನ್ಲಿ ಅಂತ, ಟ್ರ್ಯಾಕ್ಟರ್ ತೊಳದಂಗ ಮೋಟಾರ್ ಪೈಪ್ ಹಿಡದು ಒಳಗೂ ತೊಳದೆ. ಆಮ್ಯಾಲ ಒಣಗಲಿ ಅಂತ ಭತ್ತ ಸುರದೆ. ಅದು ಮೊಳಕಿ ಬಂತು."

ಅಂತೂ ನೀರು ಎಲ್ಲಿಂದ ಬಂತು ಅಂತ ಗೊತ್ತಾಯಿತು. ಆ ಗಡಿಬಿಡಿಯಲ್ಲೂ ನನಗೊಂದು ಸಮಾಧಾನ.

ಅಜ್ಜಿಯ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆ ಅಂತ ಕಾರು ನಿಲ್ಲಿಸಿದೆ. ನೋಡಿದರೆ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಾರೆ. ಹಿಂದೆ ಹುಡುಗ ತಲೆ ತಗ್ಗಿಸಿ ಕೂತಿದ್ದ.

"ಈತ ನೀರಾಗ ಬಿದ್ದ ಫೋನು ಒಣಗಲಿ ಅಂತ ರೊಟ್ಟಿ ಹಂಚಿನ ಮ್ಯಾಲ ಇಟ್ಟು, ಹೊಳ್ಳಸಿ ಹಾಕಿ ಬೇಸ್ಯಾನ್ರಿ" ಅಂದರು ಅಜ್ಜಿ. "ಇದನ್ನ ನಿಮ್ಮ ಮುಂದ ಹೆಂಗ ಹೇಳೂದು ಅಂತ ಹುಬ್ಬಳ್ಳಿಯಿಂದ ಚಿಂತಿ ಮಾಡಕೋತ ಬಂದಿದ್ದೆ. ಇನ್ನ ಜಲ್ದಿ ನಡೀರಿ, ಬೀಗರ."